ನಿಂತವ್ವನ ಗುಡಿ

ಹುಣಸೀಕಲ್ಲಿನ ಕೆಂಪು ಗುಡ್ಡದ ಬುಡದಲ್ಲಿ, ಹೊಂಡದ ದಂಡೆಗೆ, ಆಳೆತ್ತರದ ಕಲ್ಲಿನ ಗುಡಿಯೊಂದಿದೆ. ಒಳಗಿನ ದೇವಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ. ಆದರೂ ಅವಳ ಹೆಸರು ನಿಂತವ್ವ. ಹೊಸಬರು ಇದನ್ನು ಕಂಡು ನಗುವುದುಂಟು. ಮೊದಲಿದ್ದ ಮೂರ್ತಿ ಕಳುವಾಗಿರಬೇಕು ಎಂದು ತಾವೇ ತೀರ್ಮಾನಿಸಿ ಹೋಗುವುದೂ ಉಂಟು. ಊರಿನವರನ್ನು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಕೇಳಿದರೆ, ನಿಲ್ಲುವುದು ದೇವಿಯಲ್ಲ, ಅವಳ ಮುಂದೆ ಬರುವವರು ಎಂದು ಹಿರಿಯರು ಹೇಳಿಯಾರು. ಈ ಗುಡಿಯೆದುರು ಯಾರೂ ಕೂಡುವುದಿಲ್ಲ, ಅಡ್ಡ ಬೀಳುವುದೂ ಇಲ್ಲ. ಅಂಗಳದಲ್ಲಿ ಒಡೆದ ಚಪ್ಪಡಿಯ ಚೂರುಗಳಿವೆ, ಕಟ್ಟೆ ಇಲ್ಲ.

ಹಿಂದೆ ಒಮ್ಮೆ ಈ ಊರಲ್ಲಿ ನಿಂಬೆವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಸುತ್ತಲ ಹಳ್ಳಿಗಳಲ್ಲಿ ಅವಳ ಕೈಯಲ್ಲಿ ಹುಟ್ಟದವರು ಕಡಿಮೆ. ಕಬ್ಬಿಣದ ಕೈಯವಳು ಎಂದು ಜನ ಹೊಗಳುತ್ತಿದ್ದರು. ಪ್ರತಿ ಹೆರಿಗೆಗೂ ಮುನ್ನ ಆ ಕೈ ನಡುಗುತ್ತಿತ್ತೆಂಬುದು ದೇವಿಯೊಬ್ಬಳಿಗೇ ಗೊತ್ತಿತ್ತು. ಕರೆ ಬಂದಾಗಲೆಲ್ಲ ಅವಳು ಹಳೇ ಸೀರೆಯ ತುಂಡು, ಹರಳೆಣ್ಣೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಗುಡಿಯ ಮುಂದೆ ನಿಲ್ಲುತ್ತಿದ್ದಳು. ತಾಯಿ ಉಳಿಯಲಿ, ಕೂಸು ಉಳಿಯಲಿ ಎಂದು ಬೇಡುತ್ತಿರಲಿಲ್ಲ. ಹಾಗೆ ಬೇಡುವವರು ಆ ಮನೆಯಲ್ಲೇ ಇರುತ್ತಿದ್ದರು. "ಅವ್ವಾ, ಕೈ ನಡಗದ್ಹಂಗ ಮಾಡು" ಎಂಬುದಷ್ಟೇ ಅವಳ ಪ್ರಾರ್ಥನೆ. ನಡುಕ ಇಳಿಯುತ್ತಿತ್ತು, ಅವಳು ಹೊರಡುತ್ತಿದ್ದಳು.

ಇಂಥ ನಿಂಬೆವ್ವನಿಗೆ ಕಾಶವ್ವ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಹತ್ತಿದ ಮುಂಜಾನೆ ನಿಂಬೆವ್ವ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ಬಿದ್ದಿತ್ತು. ಅಂಥ ಎಷ್ಟೋ ಕೂಸುಗಳನ್ನು ಅವಳು ತಿರುಗಿಸಿ ಹೊರತಂದಿದ್ದಳು. ಆ ವಿದ್ಯೆ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ. "ಅವ್ವಗ ಕೈ ಮುಗದು ಬರ್ತೀನಿ, ತಡಕೊ" ಎಂದು ಮಗಳಿಗೆ ಹೇಳಿ ಗುಡಿಗೆ ಬಂದಳು. ಬೇಡಿದಳು. ನಡುಕ ಇಳಿಯಲಿಲ್ಲ. ಈ ಕೈಯನ್ನು ಮಗಳ ಮೈಗೆ ಹೇಗೆ ಹಚ್ಚಲಿ ಎಂದು ಅವಳಿಗೆ ಭಯವಾಯಿತು. ಮೊದಲ ಸಲ ಗಂಟನ್ನು ಕಟ್ಟೆಯ ಮೇಲೆ ಇಳಿಸಿದಳು. ಹೊಂಡದಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಗುಡಿಯ ಸುತ್ತ ದೀಡನಮಸ್ಕಾರ ಹಿಡಿದಳು: ನೆಲಕ್ಕೆ ಉದ್ದಕ್ಕೆ ಬೀಳುವುದು, ಎದ್ದು ಕೈ ಮುಟ್ಟಿದಲ್ಲಿ ಹೆಜ್ಜೆಯಿಟ್ಟು ಮತ್ತೆ ಬೀಳುವುದು. ಊರವರ ಮಕ್ಕಳಿಗೆ ಒಂದು ಉಸಿರಿನ ಪ್ರಾರ್ಥನೆ ಸಾಕಾಗಿತ್ತು. ಸ್ವಂತ ಮಗಳಿಗೆ ಯಾವುದೂ ಸಾಲದಾಯಿತು. ಹೆತ್ತ ಕರುಳು, ಬೈಯುವುದಾದರೂ ಯಾರನ್ನು?

ಬಿಸಿಲೇರಿದಾಗ ಅಳಿಯ ದ್ಯಾವಪ್ಪ ಓಡಿ ಬಂದ. ದೀಡ ಹಾಕುವವರನ್ನು ಮುಟ್ಟಿದರೆ ಹರಕೆ ಕೆಡುತ್ತದೆ, ಮೇಲಾಗಿ ಅತ್ತೆ. ಪಕ್ಕದಲ್ಲೇ ನಡೆಯುತ್ತ, "ಅತ್ತಿ, ಆಕಿ ನಿಮ್ಮನ್ನ ಕೇಳಾಕತ್ತಾಳ್ರಿ" ಎಂದ.

"ಈ ಸುತ್ತು ಮುಗೀಲೆಪ್ಪಾ."

ಸುತ್ತು ಮುಗಿಯಿತು. ನಿಂಬೆವ್ವ ಕೈ ಚಾಚಿ ನೋಡಿಕೊಂಡಳು, ಮತ್ತೊಂದು ಸುತ್ತಿಗೆ ಬಿದ್ದಳು. ದ್ಯಾವಪ್ಪ ದೇವಿಗೆ ಬೆನ್ನು ಹಾಕಿ ಅತ್ತೆಗೆ ಕೈ ಮುಗಿದ. "ನಡಗೂ ಕೈಲೇ ಬರ್ರಿ ಅತ್ತಿ. ಅದ ಕೈ ಸಾಕು." ಅವಳು ಬರಲಿಲ್ಲ. ಅವನು ಒಬ್ಬನೇ ಹೆಂಡತಿಯ ಬಳಿಗೆ ಹೋದ.

ಹೊತ್ತು ವಾಲಿದ ಮೇಲೆ ಅವಳು ಮನೆ ಮುಟ್ಟಿದಾಗ ಒಳಗೆ ಸದ್ದಿರಲಿಲ್ಲ. ಹೆಂಗಸರು ಸರಿದು ದಾರಿ ಬಿಟ್ಟರು. ಕೂಸು ಹೊಟ್ಟೆಯಲ್ಲೇ ಉಳಿದಿತ್ತು, ಕಾಶವ್ವ ತೀರಿಹೋಗಿದ್ದಳು. ಕೊನೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿದ್ದಳು ಎನ್ನುತ್ತಾರೆ. ಮಗಳ ಮೈ ತೊಳೆಯಲು ನಿಂಬೆವ್ವನೇ ಕುಳಿತಳು. ಆಗ ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಅದನ್ನು ತಾನೇ ಕಂಡು ಅವಳು ಅತ್ತ ಅಳುವನ್ನು ಕೇಳಲಾರದೆ ದ್ಯಾವಪ್ಪ ಅಂಗಳ ಬಿಟ್ಟು ಹೋದನಂತೆ.

ಮಣ್ಣು ಮಾಡಿ ಬಂದವಳು ಹಾರೆ ತೆಗೆದುಕೊಂಡು ಹೋಗಿ ಗುಡಿಯ ಕಟ್ಟೆಯನ್ನು ಒಡೆದಳು. ಯಾರೂ ತಡೆಯಲಿಲ್ಲ. ಆಮೇಲೂ ಹೆರಿಗೆಗೆ ಕರೆ ಬರುತ್ತಿತ್ತು, ಹೋಗುತ್ತಿದ್ದಳು. ದಾರಿಯಲ್ಲಿ ನಿಂತು ಕೈ ಮುಗಿಯುವುದನ್ನೂ ಬಿಡಲಿಲ್ಲ. ನಡುಕ ಇಳಿಯಲೆಂದು ಕಾಯುವುದನ್ನು ಮಾತ್ರ ಬಿಟ್ಟಳು. ಸಾಯುವತನಕ ಆ ಕೈ ನಡುಗುತ್ತಲೇ ಇತ್ತು, ಅದರಲ್ಲೇ ಕೂಸುಗಳು ಹುಟ್ಟಿದವು. ದೇವಿಗೆ ಮೊದಲು ಏನು ಹೆಸರಿತ್ತೋ, ಈಗ ಯಾರಿಗೂ ನೆನಪಿಲ್ಲ.

ಇಂದಿಗೂ ದವಾಖಾನೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಮದುವೆಯ ದಿಬ್ಬಣದವರು ಇಲ್ಲಿ ಇಳಿಯುತ್ತಾರೆ. ಹೆಗಲ ಚೀಲ ಇಳಿಸದೆ, ನಿಂತೇ ಕೈ ಮುಗಿಯುತ್ತಾರೆ. ಕೆಳಗೆ ರಸ್ತೆಯಲ್ಲಿ ಅವರು ಬಂದ ಆಟೋ ಗುರುಗುಡುತ್ತಲೇ ಇರುತ್ತದೆ. ಈ ಊರಿನ ಡ್ರೈವರುಗಳು ಇಲ್ಲಿ ಎಂಜಿನ್ ಬಂದ್ ಮಾಡುವುದಿಲ್ಲ. ಯಾರಾದರೂ, ಅದರಲ್ಲೂ ಬಸುರಿ ಮಗಳ ತಾಯಿ, ಕಣ್ಣು ಮುಚ್ಚಿ ತುಸು ಹೆಚ್ಚು ಹೊತ್ತು ನಿಂತರೆ, ಗುಡಿಯ ಕಸ ಹೊಡೆಯುವ ಮುದುಕಿ ಪೊರಕೆ ಹಿಡಿದೇ ಹತ್ತಿರ ಬರುತ್ತಾಳೆ.

"ಆತು, ನಡಿಯವ್ವಾ," ಎನ್ನುತ್ತಾಳೆ, "ಕಾಶವ್ವ ಕಾಯಾಕತ್ತಾಳ."