ಧಣಿಯ ಕೈಯಲ್ಲಿ ಸೂರ್ಯ

ಸಾವಿರಾರು ಜನ ಒಟ್ಟಿಗೆ ಆಡುವ ಕಂಪ್ಯೂಟರ್ ಆಟದ ಲೋಕಗಳಲ್ಲಿ ಹಗಲು ಹಚ್ಚಿ ರಾತ್ರಿ ಹಾಸುವುದೇ ಗಂಗಾಂಬಿಕೆಯ ಕೆಲಸ. ಸರ್ವರ್ ಕೋಣೆಯಲ್ಲಿ ಕೂತೇ ಗದ್ದೆಲೋಕಕ್ಕೆ ಬಿಸಿಲು ಬಿಡುತ್ತಿದ್ದಳು, ಮಲ್ಲಿಗೆಲೋಕಕ್ಕೆ ಬೆಳದಿಂಗಳು ಸುರಿಯುತ್ತಿದ್ದಳು.

ಒಂದು ದಿನ ಕಂಪನಿಯ ಧಣಿ ಕೊಟ್ರೇಶಪ್ಪನವರು ಗುಡುಗಿದರು: "ಲೋಕಕ್ಕೊಂದು ಹೊತ್ತು ಯಾಕಮ್ಮ? ನಾನು ಆಟಕ್ಕೆ ಇಳಿದರೆ ಎಲ್ಲ ಕಡೆ ಬೆಳಗಾಗಬೇಕು. ನಾನು ಎದ್ದು ಹೋದ ಮೇಲೇ ಕತ್ತಲೆ. ಆಗಲ್ಲ ಅಂದರೆ ನಾಳೆಯಿಂದ ಬರಬೇಡ."

"ಆಗಲಿ ಸಾರ್," ಎಂದಳು ಗಂಗಾಂಬಿಕೆ. ಹಾಗೇ ಮಾಡಿದಳು. ಜೊತೆಗೆ ಎಲ್ಲ ಲೋಕಗಳ ಬಾಗಿಲಿಗೂ ಒಂದು ಫಲಕ ತೂಗುಹಾಕಿದಳು: 'ಸೂರ್ಯ ಈಗ ಧಣಿಗಳ ಕೈಯಲ್ಲಿದ್ದಾನೆ. ಏನು ಬೇಕಿದ್ದರೂ ಅವರನ್ನೇ ಕೇಳಿ.'

ಧಣಿಗಳು ಆಟಕ್ಕೆ ಇಳಿದರು. ಎಲ್ಲೆಲ್ಲೂ ಬೆಳಗಾಯಿತು. ಊಟಕ್ಕೆ ಹೊರಟರೆ ಗದ್ದೆಯವರು ಅಡ್ಡ ಬಿದ್ದರು: "ಹೋಗಬೇಡಿ ಧಣಿ, ಕಣದಲ್ಲಿ ಭತ್ತ ಒಣಗಿಲ್ಲ!" ಸರಿ ಎಂದು ಕೂತರೆ ಮಲ್ಲಿಗೆಯವರು ಕೈಮುಗಿದರು: "ಒಂದು ಗಳಿಗೆ ಎದ್ದು ಹೋಗಿ ಸ್ವಾಮಿ, ಮೊಗ್ಗು ಬಿರಿಯಬೇಕು!" ಕೂತರೂ ಬೈಗುಳ, ಎದ್ದರೂ ಬೈಗುಳ. ಅವರು ಆಕಳಿಸಿದರೆ ಸಾಕು, ಜನ ಗಾಬರಿಯಿಂದ ಆಕಾಶ ನೋಡುತ್ತಿದ್ದರು. ತಟ್ಟೆಯಲ್ಲಿ ಅನ್ನ ಆರಿತು.

ಕೊನೆಗೆ ಧಣಿಗಳೇ ಫೋನು ಮಾಡಿದರು. "ತಾಯಿ, ನಿನ್ನ ಸೂರ್ಯನನ್ನು ನೀನೇ ಇಟ್ಟುಕೋ."

ಗಂಗಾಂಬಿಕೆ ಮೊದಲಿನಂತೆ ಲೋಕಕ್ಕೊಂದು ಹೊತ್ತು ಹಂಚಿದಳು. "ತಮಗೆ ಯಾವ ಲೋಕ ಸಾರ್?"

"ಎಲ್ಲಿ ಕತ್ತಲಿದೆಯೋ ಅಲ್ಲಿ. ನಾನು ಯಾರು ಅಂತ ಮಾತ್ರ ಹೇಳಬೇಡ."

ಮಲ್ಲಿಗೆಲೋಕದಲ್ಲಿ ತಣ್ಣಗೆ ಬೆಳದಿಂಗಳು ಸುರಿಯಿತು. ಮೊಗ್ಗು ಬಿರಿದವು. ಬಳ್ಳಿಯ ಬುಡದಲ್ಲಿ ಸೂರ್ಯ ಗೊರಕೆ ಹೊಡೆಯುತ್ತಿದ್ದ.