ಉಸಿರುಚೀಲ ಬಿಟ್ಟುಕೊಟ್ಟ ಸಲಮಾಂಡರಮ್ಮ

ಭೂಮಿಗೆ ಬಳಿದ ಬಣ್ಣ ಇನ್ನೂ ಒಣಗಿರದ ಕಾಲವದು. ದೂರದ ತಣ್ಣನೆಯ ಕಾಡೊಂದರಲ್ಲಿ ಸಲಮಾಂಡರಮ್ಮ ವಾಸವಾಗಿದ್ದಳು. ನೋಡಲು ಹಲ್ಲಿಯಂತೆ, ಬಂಧುಬಳಗವೆಲ್ಲ ಕಪ್ಪೆಗಳ ಕಡೆ. ಆಗ ಆಕೆಯ ಎದೆಯಲ್ಲೂ ಎಲ್ಲರಂತೆ ಎರಡು ಉಸಿರುಚೀಲಗಳಿದ್ದವು.

ತೊರೆಯಲ್ಲಿ ನೀರಿಲ್ಲದಾಗ ಆಕೆ ಅಲ್ಲಿನ ಕಲ್ಲೊಂದರ ಅಡಿಯಲ್ಲಿ ಮೊಟ್ಟೆಗಳನ್ನಿಟ್ಟಳು. ಹುಳು ಹುಡುಕಲು ಹೋಗಿ ಬರುವಷ್ಟರಲ್ಲಿ ಮಳೆ ಸುರಿದು ತೊರೆ ತುಂಬಿತ್ತು. ಮೊಟ್ಟೆಗಳು ತಳದಲ್ಲಿ, ತಾಯಿ ದಡದಲ್ಲಿ. ಏಡಿಯೊಂದು ಹಸಿದು ಕಲ್ಲಿನತ್ತ ನಡೆದಿತ್ತು.

ನೀರಿಗಿಳಿಯುವ ಮೊದಲು ದೀರ್ಘವಾಗಿ ಉಸಿರೆಳೆದುಕೊಳ್ಳುವುದು ಆ ಬಳಗದ ಶಿಸ್ತು. ಸಲಮಾಂಡರಮ್ಮ ಶಿಸ್ತು ತಪ್ಪಿದವಳಲ್ಲ. ಉಸಿರೆಳೆದುಕೊಂಡಳು, ಧುಮುಕಿದಳು, ಬೆಂಡಿನಂತೆ ಮೇಲೆದ್ದಳು.

"ಸಾಲದು ಅಕ್ಕ, ಇನ್ನಷ್ಟು ಎಳೆದುಕೋ," ಎಂದಿತು ದಡದ ಕಪ್ಪೆ.

ಇನ್ನಷ್ಟು ಎಳೆದುಕೊಂಡಳು. ಈ ಸಲ ಹೊಟ್ಟೆ ಮೇಲಾಗಿ ತೇಲಿದಳು.

"ಚೆಂದ ತೇಲುತ್ತೀಯ!"

"ನಾನು ತೇಲಲು ಬಂದವಳಲ್ಲ. ಬಾಯಿ ಮುಚ್ಚು."

ತಳದಲ್ಲಿ ಏಡಿ ಕಲ್ಲನ್ನು ತಟ್ಟಿ, "ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರೆಯೇ?" ಎಂದು ವಿನಯದಿಂದ ಕೇಳಿತು. ಮೊಟ್ಟೆಗಳಿಗೆ ಉತ್ತರಿಸಲು ಬಾರದು.

ಆಗ ಗಾಳಿ ನುಡಿಯಿತು: "ನಿನ್ನನ್ನು ಮೇಲೆತ್ತುತ್ತಿರುವುದು ನಾನೇ, ತಾಯಿ. ಚೀಲದ ತುಂಬ ನನ್ನನ್ನು ತುಂಬಿಕೊಂಡಿದ್ದೀಯಲ್ಲ."

"ಹಾಗಾದರೆ ಚೀಲಗಳೇ ಬೇಡ."

"ಮತ್ತೆ ಉಸಿರು?"

"ಚರ್ಮದಿಂದ ಒಳಗೆ ಬಾ."

ಗಾಳಿ ಯೋಚಿಸಿತು. "ಬರುತ್ತೇನೆ. ಆದರೆ ಚರ್ಮ ಸದಾ ಒದ್ದೆಯಾಗಿರಬೇಕು. ಒಣಗಿತೋ, ನಾನು ಹೊರಗೇ ನಿಲ್ಲುತ್ತೇನೆ. ಬಿಸಿಲು ಕಾಯಿಸುವಂತಿಲ್ಲ. ಚೀಲವಿಲ್ಲದ ಮೇಲೆ ದನಿಯೂ ಇರದು, ಹಾಡು, ಹರಟೆ ಇಲ್ಲ."

"ಹರಟೆಗೆ ನನಗೆಲ್ಲಿದೆ ಪುರಸೊತ್ತು?" ಎಂದವಳೇ ಮೈಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಎರಡೂ ಚೀಲಗಳನ್ನು ಕಳಚಿ ಕಪ್ಪೆಯ ಕೈಗಿತ್ತಳು. "ಹಿಡಿದುಕೋ. ಊದಬೇಡ."

ಈ ಸಲ ಕಲ್ಲಿನಂತೆ ನೆಟ್ಟಗೆ ತಳಕ್ಕಿಳಿದಳು. ಏಡಿ ಆಗಲೇ ಒಂದು ಇಕ್ಕಳವನ್ನು ಕಲ್ಲಿನಡಿ ತೂರಿಸಿತ್ತು.

"ದೊಡ್ಡವರು ಇದ್ದಾರೆ," ಎಂದಳು ಸಲಮಾಂಡರಮ್ಮ, ಉಳಿದಿದ್ದ ಚೂರು ಉಸಿರಿನಲ್ಲಿ. ಅದೇ ಆಕೆಯ ಕೊನೆಯ ಮಾತು. ಅನಂತರ ಏಡಿಯ ಕಾಲನ್ನು ಕಚ್ಚಿದಳು. ಅಲ್ಲಿಯವರೆಗೆ ನೇರವಾಗಿ ನಡೆಯುತ್ತಿದ್ದ ಏಡಿ ಅಂದು ಅಡ್ಡಡ್ಡ ಓಡಿತು, ಆ ನಡಿಗೆಯನ್ನು ಇನ್ನೂ ತಿದ್ದಿಕೊಂಡಿಲ್ಲ. ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿದಳು.

ದಡದಲ್ಲಿ ಕಪ್ಪೆ ಊದಿತು. ಬೇಡವೆಂದದ್ದನ್ನು ಮಾಡದಿರುವುದು ಅದರ ಸ್ವಭಾವದಲ್ಲಿಲ್ಲ. ಚೀಲ ಗಂಟಲಿಗೆ ಅಂಟಿಕೊಂಡು ಉಬ್ಬಿತು.

ಆದುದರಿಂದಲೇ, ಮಗು, ಆ ದೂರದ ಕಾಡಿನ ಒದ್ದೆ ಎಲೆಗಳಡಿ ಸಲಮಾಂಡರಮ್ಮ ಇಂದಿಗೂ ಚರ್ಮದಿಂದಲೇ ಉಸಿರಾಡುತ್ತ, ಮೊಟ್ಟೆಗಳನ್ನು ಸುತ್ತಿಕೊಂಡು ಮೌನವಾಗಿದ್ದಾಳೆ, ಮಳೆ ಬಂದೊಡನೆ ನಿನ್ನ ಮನೆಯ ಹಿಂದಿನ ಹೊಂಡದಲ್ಲಿ ಕಪ್ಪೆ ಮಾತ್ರ ಗಂಟಲುಬ್ಬಿಸಿ, "ಅಕ್ಕಾ, ನಿನ್ನ ಚೀಲ ತೆಗೆದುಕೋ, ಅಕ್ಕಾ!" ಎಂದು ಕೂಗುತ್ತಲೇ ಇದೆ.