ಇಲ್ಲ ಎಂಬುದಕ್ಕೆ ಎರಡು ಸೀಲು

ಇಟಲಿಯ ಮೇಲಿನ ಅಭಿಮಾನದಿಂದಲೇ ತಾತ ಕೊನೆಯವರೆಗೂ ಭಾರತದ ಪ್ರಜೆಯಾಗಲಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ಅವನು ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕ; ಯುದ್ಧಕೈದಿಯಾಗಿ ಬೆಂಗಳೂರಿಗೆ ಬಂದವನು ಇಲ್ಲೇ ಮದುವೆಯಾಗಿ, ಇಲ್ಲೇ ಸತ್ತಿದ್ದ.

ಮೊಮ್ಮಗಳು ಸೆರಾಫಿನಾ ಆಸ್ಪತ್ರೆಯೊಂದರಲ್ಲಿ ಆಯಾ. ತಾತನ ವಂಶದವಳೆಂದು ಇಟಲಿಯ ಪೌರತ್ವ ಕೇಳಿದ್ದಳು. ತಾತ ಭಾರತದ ಪ್ರಜೆಯಾಗಿರಲಿಲ್ಲ ಎಂಬ ಪತ್ರವನ್ನು ಗುರುವಾರದೊಳಗೆ ತರಬೇಕು ಎಂದರು ಕಾನ್ಸುಲೇಟಿನವರು. ತಾತ ಇಲ್ಲಿಯ ಪ್ರಜೆಯಾಗಿದ್ದರೆ ವಂಶದ ಹಕ್ಕು ಅಲ್ಲಿಗೇ ಕಡಿದಂತೆ. ಗುರುವಾರ ತಪ್ಪಿದರೆ ಮುಂದಿನ ಸರದಿಗೆ ಮತ್ತೆ ಆರು ವರ್ಷ ಕಾಯಬೇಕು. ಅವಳಿಗಾಗಲೇ ಐವತ್ತೆರಡು.

ಪೌರತ್ವದ ಕಚೇರಿಯ ಸೂಪರಿಂಟೆಂಡೆಂಟ್ ಚಿಕ್ಕವೀರಯ್ಯ ತಲೆ ಎತ್ತಲಿಲ್ಲ.

“ಇರೋದಕ್ಕೆ ಪತ್ರ ಕೊಡ್ತೀವಮ್ಮ. ಇಲ್ಲದ್ದಕ್ಕೆಲ್ಲ ಕೊಡೋಕೆ ಇದೇನು ಛತ್ರಾನಾ?”

ಮರುದಿನ ಅವಳು ಬೇರೆ ಅರ್ಜಿ ತಂದಳು. ತಾತನ ಭಾರತೀಯ ಪೌರತ್ವ ಪತ್ರದ ನಕಲು ಬೇಕೆಂದು ಬರೆದಿದ್ದಳು.

ಚಿಕ್ಕವೀರಯ್ಯನವರ ಮುಖ ಅರಳಿತು. “ನಿನ್ನೆ ಇಲ್ಲ ಅಂದ್ರಿ, ಇವತ್ತು ಇದೆ ಅಂತೀರಾ? ನನ್ನ ಹತ್ರ ನಾಟಕವಾ?”

“ಇದ್ರೆ ಕೊಡಿ ಸಾರ್. ಇಲ್ಲಾಂದ್ರೆ ಇಲ್ಲ ಅಂತ ಬರ್ಕೊಡಿ.”

“ಬರೀದೆ ಬಿಡ್ತೀನಾ?”

ಎರಡು ದಿನ ಅವರು ತಾವೇ ಕುಳಿತು ಹಳೆಯ ಕಡತಗಳನ್ನೆಲ್ಲ ಜಾಲಾಡಿದರು. ಗುರುವಾರ ಬೆಳಿಗ್ಗೆ ಅರ್ಜಿಯನ್ನು ತಿರಸ್ಕರಿಸಿ, ಕಾರಣ ಬರೆದು, ಸಹಿ ಹಾಕಿದರು.

“ಸೀಲು, ಸಾರ್?”

“ಎರಡು ಹಾಕ್ತೀನಿ. ಹೋಗಿ, ಯಾರಿಗೆ ಬೇಕಾದ್ರೂ ತೋರ್ಸಿ!”

ತೋರಿಸಿದಳು. ಕಾನ್ಸುಲೇಟಿನವರು ಓದಿ, ಸಾಕು ಎಂದು ಕಡತಕ್ಕೆ ಸೇರಿಸಿದರು. ಪತ್ರದಲ್ಲಿ ಇದ್ದದ್ದು ಇಷ್ಟೇ: ಸದರಿಯವರು ಭಾರತದ ಪ್ರಜೆಯಲ್ಲ, ಪೌರತ್ವ ಕೋರಿ 1957, 1961 ಮತ್ತು 1968ರಲ್ಲಿ ಅವರು ಸಲ್ಲಿಸಿದ್ದ ಮೂರು ಅರ್ಜಿಗಳನ್ನೂ ತಿರಸ್ಕರಿಸಲಾಗಿದೆ.